ಪುಸ್ತಕಕ್ಕೆ ಬಿದ್ದ ಬೀಗ



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಇಲ್ಲಿನ ನೀವು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಿಂದ ವಿಜ್ಞಾನ ಪುಸ್ತಕದ ಪಿ.ಡಿ.ಎಫ್. ಪ್ರತಿಯನ್ನು ಉಚಿತವಾಗಿ ಇಳಿಸಿಕೊಂಡಿರಬಹುದು. ಶಿರಾದಲ್ಲಿ ತೆರೆದ ಆ ಪ್ರತಿ ಪಾವಗಡದ ಗೆಳೆಯನ ಫೋನಿನಲ್ಲೂ ತೆರೆಯುತ್ತದೆ. ಆದರೆ ಹಣ ಕೊಟ್ಟು ಕೊಂಡ ಇ-ಕಾದಂಬರಿ ಸಾಮಾನ್ಯವಾಗಿ ಹಾಗೆ ತೆರೆಯುವುದಿಲ್ಲ. ಏಕೆ ಗೊತ್ತೇ?

ಅದಕ್ಕೆ ಬೀಗವಿದೆ. ಪುಸ್ತಕದ ಅಕ್ಷರಗಳನ್ನು ಗೂಢಲಿಪಿಗೆ ಬದಲಾಯಿಸಿ, ಕೀಲಿಯನ್ನು ನಿಮ್ಮ ಹೆಸರಿನಲ್ಲಿ ನೋಂದಾಯಿಸಿದ ಉಪಕರಣಕ್ಕೆ ಮಾತ್ರ ಕೊಡುತ್ತಾರೆ. ಇದೇ ಡಿ.ಆರ್.ಎಂ. ಪ್ರಕಾಶಕರ ಭಯ ಸುಳ್ಳಲ್ಲ. ಕಾಗದ, ಶಾಯಿ ಯಾವುದೂ ಇಲ್ಲದೆ ಸಾವಿರ ಪ್ರತಿ ತೆಗೆಯಬಹುದಾದರೆ ಲೇಖಕರಿಗೆ ಗೌರವಧನ ಎಲ್ಲಿಂದ ಬರಬೇಕು? 2012ರ ತಿದ್ದುಪಡಿಯಲ್ಲಿ ನಮ್ಮ ಕೃತಿಸ್ವಾಮ್ಯ ಕಾಯಿದೆಗೆ 65ಎ ಕಲಂ ಸೇರಿತು. ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಇಂತಹ ಬೀಗ ಮುರಿದರೆ 2 ವರ್ಷದವರೆಗೆ ಸೆರೆವಾಸ ಮತ್ತು ದಂಡ.

ಆದರೆ ಬೀಗ ಕೊಂಡವರನ್ನೂ ಹೊರಗಿಡಬಲ್ಲದು. ಅಮೆಜಾನ್ ಕಂಪನಿಯ ಇ-ರೀಡರ್ ಕಿಂಡಲ್ ಅಮೆರಿಕದಲ್ಲಿ ಬಂದದ್ದು 2007ರಲ್ಲಿ. 2009ರಲ್ಲಿ ಜಾರ್ಜ್ ಆರ್ವೆಲ್‌ರ ‘1984’ ಕಾದಂಬರಿಯ ಪ್ರತಿಗಳನ್ನು ಕಂಪನಿಯೇ ಗ್ರಾಹಕರ ಕಿಂಡಲ್‌ಗಳಿಂದ ಅಳಿಸಿಹಾಕಿತು. ಮಾರಿದವರಿಗೆ ಹಕ್ಕಿರಲಿಲ್ಲವೆಂದು ಹಣ ಹಿಂತಿರುಗಿಸಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದಂಗಡಿ ಮುಚ್ಚಿದಾಗಲೂ ಹಣ ಮರಳಿತು, ಪುಸ್ತಕ ಹೋಯಿತು. ಓದುಗರು ಕೊಂಡದ್ದು ಪುಸ್ತಕವನ್ನಲ್ಲ, ಓದುವ ಅನುಮತಿಯನ್ನು!

ಇನ್ನು ಕನ್ನಡದ ಸಂಗತಿ. 2016ರ ಡಿಸೆಂಬರಿನಲ್ಲಿ ಕಿಂಡಲ್ 5 ಭಾರತೀಯ ಭಾಷೆಗಳ ಪುಸ್ತಕಗಳನ್ನು ತಂದಿತು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಮುಂದೆ ಕನ್ನಡ ಇ-ಪುಸ್ತಕಗಳು ಮೈಲ್ಯಾಂಗ್‌ನಂತಹ ಮೊಬೈಲ್ ಆ್ಯಪ್‌ಗಳಲ್ಲಿ ಬಂದವು. ಒಂದು ಅಂಗಡಿಯ ಬೀಗಕ್ಕೆ ಇನ್ನೊಂದರ ಕೀಲಿ ಹೊಂದದು. ಹೀಗಿರುವಾಗ ಕಣ್ಣಿಗೆ ಹಿತವಾದ, ಕಾಗದದಂತಹ ಪರದೆಯ ಇ-ರೀಡರನ್ನು ಕನ್ನಡ ಓದುಗರು ಯಾವ ಭರವಸೆಯಿಂದ ಕೊಂಡಾರು? ಬೆಲೆಯೂ ಅಡ್ಡಿಯೇ, ನಿಜ. ಕೈಯಲ್ಲಿ ಫೋನೂ ಇದೆ. ಆದರೂ ಅಕ್ಷರಗಳನ್ನು ತನ್ನೊಳಗೇ ಹೊತ್ತ, ಬೀಗವಿಲ್ಲದ ಪಿ.ಡಿ.ಎಫ್. ಪ್ರತಿಯನ್ನು ಕಿಂಡಲ್ ಕನ್ನಡದಲ್ಲೂ ತೋರಿಸುತ್ತದೆ. ಅಂದರೆ ಅಡ್ಡಿ ಯಂತ್ರದ್ದಷ್ಟೇ ಅಲ್ಲ, ಬೀಗದ್ದೂ ಹೌದು.

ಬೀಗ ತೆಗೆದವರು ಮುಳುಗಿದರೇ? ಟಾರ್ ಎಂಬ ವಿಜ್ಞಾನ ಕಾದಂಬರಿಗಳ ಪ್ರಕಾಶನ ಸಂಸ್ಥೆ 2012ರಲ್ಲಿ ಬೀಗ ತೆಗೆಯಿತು. ಕಳ್ಳಪ್ರತಿಗಳು ಗಮನಾರ್ಹವಾಗಿ ಹೆಚ್ಚಲಿಲ್ಲವೆಂದು ಮರುವರ್ಷ ಅದರ ಬ್ರಿಟಿಷ್ ಶಾಖೆ ತಿಳಿಸಿತು.

ಗ್ರಂಥಾಲಯದ ಒಂದು ಅಚ್ಚಿನ ಪುಸ್ತಕ ನೂರು ಕೈ ದಾಟುತ್ತದೆ. ಅದರಿಂದ ಲೇಖಕರ ಹಕ್ಕಿಗೆ ಧಕ್ಕೆಯಿಲ್ಲ. ಲೇಖಕರಿಗೆ ಸಲ್ಲಬೇಕಾದ ಹಣ ಸಲ್ಲಲಿ. ಮುಂದೆ ನೀವು ಇ-ಪುಸ್ತಕ ಕೊಳ್ಳುವಾಗ ಎರಡು ಪ್ರಶ್ನೆ ಕೇಳಿ: ಇದು ಯಾವ ಯಾವ ಉಪಕರಣದಲ್ಲಿ ತೆರೆಯುತ್ತದೆ? ಅಂಗಡಿ ಮುಚ್ಚಿದರೆ ನನ್ನ ಪುಸ್ತಕ ನನ್ನಲ್ಲಿ ಉಳಿಯುತ್ತದೆಯೇ?