ತೋರಿಷಿಮಾ ಹವಾಮಾನ ಕೇಂದ್ರ: 18 ವರ್ಷದ ಕಾವಲು

ಟೋಕಿಯೊದಿಂದ ದಕ್ಷಿಣಕ್ಕೆ ಸುಮಾರು 580 ಕಿಲೋಮೀಟರ್ ದೂರದಲ್ಲಿ, ಪೆಸಿಫಿಕ್ ಸಾಗರದ ನಡುವೆ ತೋರಿಷಿಮಾ ಇದೆ. ಅಡ್ಡಳತೆ ಮೂರು ಕಿಲೋಮೀಟರಿಗೂ ಕಡಿಮೆ, ಎತ್ತರ 394 ಮೀಟರ್. ಕಡಲಿನಿಂದ ಮೇಲೆದ್ದ ಜ್ವಾಲಾಮುಖಿಯ ನೆತ್ತಿಯೇ ಈ ದ್ವೀಪ. ಇಂದು ಇಲ್ಲಿ ಒಂದು ಒಕ್ಕಲೂ ಇಲ್ಲ. 1947ರಲ್ಲಿ ಇಲ್ಲಿ ಶುರುವಾದ ಹವಾಮಾನ ಕೇಂದ್ರ ಟೈಫೂನುಗಳ ಸುಳಿವು ಹಿಡಿದು ತಾಯ್ನಾಡಿಗೆ ಮೊದಲೇ ತಿಳಿಸುತ್ತಿತ್ತು. ಆ ಸೇವೆ ದೊಡ್ಡದು. ಆದರೂ ಕೇಂದ್ರವನ್ನು ನಾವು ನೆನೆಯಬೇಕಾದದ್ದು ಒಂದು ಹಕ್ಕಿಯ ಕಾರಣಕ್ಕೆ.

ಗಿಡ್ಡಬಾಲದ ಆಲ್ಬಟ್ರಾಸ್ ನೆಲದ ಮೇಲೆ ಗೂಡು ಕಟ್ಟುತ್ತದೆ, ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ, ಮನುಷ್ಯರು ಹತ್ತಿರ ಬಂದರೂ ಹೆದರುವುದಿಲ್ಲ. 1887ರಲ್ಲಿ ತಮಾವೊಕಿ ಹಾನ್‌ಎಮೊನ್ ಎಂಬ ವ್ಯಾಪಾರಿ ಇಲ್ಲಿ ಗರಿಯ ದಂಧೆ ಶುರುಮಾಡಿದ. ಕೂಲಿಕಾರರು ದೊಣ್ಣೆಯಿಂದ ಬಡಿದೇ ಹಕ್ಕಿಗಳನ್ನು ಕೊಂದರು. ಸತ್ತದ್ದು ಸುಮಾರು 50 ಲಕ್ಷ ಎಂದು ಅಂದಾಜು. 1902ರ ಆಗಸ್ಟಿನಲ್ಲಿ ಜ್ವಾಲಾಮುಖಿ ಸಿಡಿದು ದ್ವೀಪದಲ್ಲಿದ್ದ 125 ಮಂದಿಯೂ ತೀರಿಕೊಂಡರು. ಅದು ಹಕ್ಕಿಗಳ ಶಾಪ ಎನ್ನುವ ಮಾತನ್ನು ನಾನು ಒಪ್ಪಲಾರೆ. ಹೊಟ್ಟೆಪಾಡಿಗೆ ಬಂದವರ ಸಾವಿಗೆ ಅಂಥ ಅರ್ಥ ಹಚ್ಚುವುದು ಸಲ್ಲದು. ಲಾಭ ಉಂಡವರು ಬೇರೆ ಇದ್ದರು.

1949ರಲ್ಲಿ ಅಮೆರಿಕದ ಪಕ್ಷಿತಜ್ಞ ಆಲಿವರ್ ಆಸ್ಟಿನ್, ಈ ಹಕ್ಕಿ ಅಳಿದುಹೋಯಿತೆಂದು ಬರೆದರು. 1951ರ ಜನವರಿಯಲ್ಲಿ ಹವಾಮಾನ ಕೇಂದ್ರದ ಯಮಾಮೊಟೊ ದ್ವೀಪದ ಕಡಿದಾದ ಇಳಿಜಾರಿನಲ್ಲಿ ಸುಮಾರು ಹತ್ತು ಆಲ್ಬಟ್ರಾಸ್‌ಗಳನ್ನು ಕಂಡರು. ಮರಿಗಳು ಹಾರಿಹೋದ ಮೇಲೆ ಹಲವು ವರ್ಷ ಕಡಲಲ್ಲೇ ಕಳೆಯುತ್ತವೆ. ಬೇಟೆಗೆ ಸಿಗದೆ ಉಳಿದ ಅಂಥವು ಗೂಡು ಕಟ್ಟಲು ಮರಳಿದ್ದವು. ಅಲ್ಲಿಂದ ಮುಂದೆ ಗಾಳಿ, ಮಳೆ ಅಳೆಯುವವರೇ ಹಕ್ಕಿಗಳ ಲೆಕ್ಕವನ್ನೂ ಇಟ್ಟರು. ಅದು ಅವರ ನೌಕರಿಯ ಭಾಗವಾಗಿರಲಿಲ್ಲ. 1962ರಲ್ಲಿ ಜಪಾನ್ ಈ ಹಕ್ಕಿಯನ್ನು ವಿಶೇಷ ನೈಸರ್ಗಿಕ ಸ್ಮಾರಕವೆಂದು ಘೋಷಿಸಿತು.

1965ರ ನವೆಂಬರಿನಲ್ಲಿ ಭೂಕಂಪಗಳು ಒಂದರ ಹಿಂದೊಂದು ಬಂದವು. ಸ್ಫೋಟದ ಭಯದಿಂದ ಸಿಬ್ಬಂದಿಯನ್ನು ತೆರವು ಮಾಡಿದರು. ಕೇಂದ್ರ ಮತ್ತೆ ತೆರೆಯಲಿಲ್ಲ.

1976ರಿಂದ ತೊಹೊ ವಿಶ್ವವಿದ್ಯಾಲಯದ ಹಸೆಗಾವಾ ಹಿರೊಷಿ ಹಕ್ಕಿಗಳ ಲೆಕ್ಕ ಇಡುವ ಕೆಲಸವನ್ನು ಕೈಗೆತ್ತಿಕೊಂಡರು. ಬೂದಿಮಣ್ಣು ಕುಸಿದು ಮೊಟ್ಟೆಗಳು ಉರುಳುತ್ತಿದ್ದ ಇಳಿಜಾರಿನಲ್ಲಿ ಹುಲ್ಲು ನೆಡಿಸಿದ್ದರಿಂದ ಹೆಚ್ಚು ಮರಿಗಳು ಬದುಕಿದವು. ಗುಂಪು ಸುರಕ್ಷಿತ ಜಾಗಕ್ಕೆ ಸರಿಯಲೆಂದು ಹುಸಿ ಹಕ್ಕಿಗಳನ್ನೂ ನಿಲ್ಲಿಸಿದರು. ಹಳೆಯ ಹವಾಮಾನ ಕೇಂದ್ರದ ಕಟ್ಟಡವೇ ಸಂಶೋಧಕರಿಗೆ ತಂಗುದಾಣವಾಯಿತು. 2008ರಿಂದ 2012ರವರೆಗೆ ಯಮಾಷಿನಾ ಪಕ್ಷಿ ಸಂಸ್ಥೆ 70 ಮರಿಗಳನ್ನು ಸುಮಾರು 350 ಕಿಲೋಮೀಟರ್ ದೂರದ ಮುಕೋಜಿಮಾ ದ್ವೀಪಕ್ಕೆ ಹೆಲಿಕಾಪ್ಟರಿನಲ್ಲಿ ಸಾಗಿಸಿ ಸಾಕಿತು. ಜ್ವಾಲಾಮುಖಿ ಇನ್ನೊಮ್ಮೆ ಸಿಡಿದರೂ ವಂಶ ಉಳಿಯಬೇಕಲ್ಲ.