ಬಯಾಪ್ಸಿ ಮತ್ತು ಶಸ್ತ್ರಚಿಕಿತ್ಸೆಯ ನಡುವಣ ಅವಧಿ: ಒಂದು ಚಾರಿತ್ರಿಕ ವಿವೇಚನೆ

ಕ್ಯಾನ್ಸರಿನ ಶಂಕೆಯುಳ್ಳ ಜಾಗದಿಂದ ಅಂಗಾಂಶವನ್ನು ತೆಗೆದು ಸೂಕ್ಷ್ಮದರ್ಶಕದಡಿ ಪರೀಕ್ಷಿಸುವ ಕ್ರಮವೇ ಬಯಾಪ್ಸಿ. ಶಸ್ತ್ರಕ್ರಿಯೆಯ ಮೂಲಕ ನಡೆಯುವ ಬಯಾಪ್ಸಿಯಲ್ಲಿ ಗಡ್ಡೆಯ ಒಂದು ತುಣುಕನ್ನಷ್ಟೇ ಕತ್ತರಿಸಿಕೊಳ್ಳುವುದುಂಟು. ಗಡ್ಡೆ ಚಿಕ್ಕದಾಗಿದ್ದರೆ ಅದನ್ನು ಇಡಿಯಾಗಿ ತೆಗೆಯುವುದೂ ಉಂಟು. ಇದರ ಚರಿತ್ರೆಯನ್ನು ಸಾಮಾನ್ಯವಾಗಿ ಉಪಕರಣಗಳ ಸುಧಾರಣೆಯ ಕಥನವಾಗಿ ಬರೆಯಲಾಗುತ್ತದೆ. ಆದರೆ ಪರೀಕ್ಷೆಗೂ ಮುಂದಿನ ದೊಡ್ಡ ಶಸ್ತ್ರಚಿಕಿತ್ಸೆಗೂ ನಡುವೆ ಎಷ್ಟು ಕಾಲವಿರಬೇಕು, ಆ ಕಾಲದಲ್ಲಿ ತೀರ್ಮಾನ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಗಳೂ ಅದರ ದಿಕ್ಕನ್ನು ಅಷ್ಟೇ ಬಲವಾಗಿ ನಿರ್ಧರಿಸಿವೆ.

ಗಡ್ಡೆಗಳು ಜೀವಕೋಶಗಳಿಂದಾದವು ಎಂಬುದನ್ನು ಜರ್ಮನಿಯ ಯೋಹಾನೆಸ್ ಮ್ಯೂಲರ್ 1838ರಲ್ಲಿ ತೋರಿಸಿದರು. ಅವರ ಶಿಷ್ಯ ರುಡಾಲ್ಫ್ ವಿರ್ಕೋ 1858ರಲ್ಲಿ ಪ್ರಕಟಿಸಿದ ಉಪನ್ಯಾಸಗಳು ರೋಗದ ನೆಲೆಯನ್ನೇ ಜೀವಕೋಶದಲ್ಲಿ ಗುರುತಿಸಿದವು. 1870ರ ದಶಕದಲ್ಲಿ ಬರ್ಲಿನ್ನಿನ ಕಾರ್ಲ್ ರೂಗೆ ಮತ್ತು ಯೋಹಾನ್ ಫೈಟ್ ಗರ್ಭಕೋಶದ ಕೊರಳಿನಿಂದ ಚೂರುಗಳನ್ನು ತೆಗೆದು ಕ್ಯಾನ್ಸರನ್ನು ಪತ್ತೆಹಚ್ಚತೊಡಗಿದರು. 1879ರಲ್ಲಿ ಫ್ರಾನ್ಸಿನ ಚರ್ಮವೈದ್ಯ ಎರ್ನೆಸ್ಟ್ ಬೆಸ್ನಿಯೆ ಈ ಪರೀಕ್ಷೆಗೆ ಇಂದಿನ ಹೆಸರನ್ನಿತ್ತರು.

ಹೊಸ ವಿಧಾನದ ಮಿತಿಯನ್ನು ಜಗತ್ತಿಗೆ ಕಾಣಿಸಿದ್ದು ಜರ್ಮನಿಯ ಯುವರಾಜ ಫ್ರೆಡ್ರಿಕ್‌ನ ರೋಗ. 1887ರಲ್ಲಿ ಅವನ ಧ್ವನಿ ಒಡೆದು, ಧ್ವನಿಪೆಟ್ಟಿಗೆಯಲ್ಲಿ ಬೆಳವಣಿಗೆ ಕಂಡಾಗ, ಜರ್ಮನ್ ವೈದ್ಯರು ಕ್ಯಾನ್ಸರೆಂದು ಶಂಕಿಸಿ ಶಸ್ತ್ರಚಿಕಿತ್ಸೆಗೆ ಸಿದ್ಧರಾಗಿದ್ದರು. ಇಂಗ್ಲೆಂಡಿನಿಂದ ಬಂದ ಗಂಟಲುವೈದ್ಯ ಮೊರೆಲ್ ಮೆಕೆಂಜಿ ಮೊದಲು ಅಂಗಾಂಶ ಪರೀಕ್ಷೆಯಾಗಲೆಂದು ಪಟ್ಟುಹಿಡಿದು ಚೂರುಗಳನ್ನು ತೆಗೆದರು, ಅವುಗಳಲ್ಲಿ ವಿರ್ಕೋಗೆ ಕ್ಯಾನ್ಸರ್ ಕಾಣಲಿಲ್ಲ, ಶಸ್ತ್ರಚಿಕಿತ್ಸೆ ನಿಂತಿತು. 1888ರ ಮಾರ್ಚ್‌ನಲ್ಲಿ ಚಕ್ರವರ್ತಿಯಾದ ಫ್ರೆಡ್ರಿಕ್ 99 ದಿನಗಳಷ್ಟೇ ಆಳಿ ಜೂನ್ 15ರಂದು ತೀರಿಕೊಂಡ. ಶವಪರೀಕ್ಷೆ ಕ್ಯಾನ್ಸರನ್ನು ದೃಢಪಡಿಸಿತು. ಇಲ್ಲಿ ವಿರ್ಕೋ ಅವರನ್ನಷ್ಟೇ ದೂರುವುದು ನ್ಯಾಯವಲ್ಲ. ಪೆಥಾಲಜಿಸ್ಟ್ ಹೇಳಬಲ್ಲದ್ದು ತನ್ನ ಮುಂದಿರುವ ತುಣುಕಿನ ಬಗ್ಗೆ ಮಾತ್ರ, ಮತ್ತು ಆ ತುಣುಕು ಎಲ್ಲಿಂದ, ಎಷ್ಟು ಆಳದಿಂದ ಬಂತೆಂಬುದು ಶಸ್ತ್ರವೈದ್ಯನ ಕೈಯಲ್ಲಿದೆ.

‘ಕತ್ತಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ’ ಎಂಬ ಮಾತು ಕನ್ನಡ ನಾಡಿನಲ್ಲಿ ಇಂದಿಗೂ ಕೇಳಿಬರುತ್ತದೆ. ಅದನ್ನು ಅಜ್ಞಾನವೆಂದು ತಳ್ಳಿಹಾಕುವ ಮುನ್ನ, 20ನೆಯ ಶತಮಾನದ ಆರಂಭದಲ್ಲಿ ಹಲವು ಶಸ್ತ್ರವೈದ್ಯರಲ್ಲಿಯೂ ಇದೇ ಭಯವಿತ್ತೆಂಬುದನ್ನು ನೆನೆಯಬೇಕು. ಹೆಚ್ಚಿನ ಕ್ಯಾನ್ಸರುಗಳ ವಿಷಯದಲ್ಲಿ ಆ ಭಯಕ್ಕೆ ಆಧಾರ ದೊರೆಯಲಿಲ್ಲ. ಆದರೂ ವೃಷಣದ ಗಡ್ಡೆಯನ್ನು ವೃಷಣಚೀಲದ ಮೂಲಕ ಚುಚ್ಚದಿರುವುದು, ಮೂಳೆಯ ಗಡ್ಡೆಯಲ್ಲಿ ಬಯಾಪ್ಸಿಯ ಗಾಯವನ್ನು ಮುಂದಿನ ಶಸ್ತ್ರಚಿಕಿತ್ಸೆಯಲ್ಲಿ ತೆಗೆದುಹಾಕಬಹುದಾದ ಜಾಗದಲ್ಲೇ ಮಾಡುವುದು, ಇವು ಇಂದೂ ಪಾಲನೆಯಲ್ಲಿರುವ ಎಚ್ಚರಗಳು.

ಆ ಭಯಕ್ಕೆ ಪರಿಹಾರವಾಗಿಯೂ ಒದಗಿದ್ದು ಹಿಮಗಟ್ಟಿಸಿದ ಅಂಗಾಂಶದ ಪರೀಕ್ಷೆ, ಅಂದರೆ ಫ್ರೋಜನ್ ಸೆಕ್ಷನ್. ಅಂಗಾಂಶವನ್ನು ಫಾರ್ಮಲಿನ್‌ನಲ್ಲಿಟ್ಟು, ಮೇಣದಲ್ಲಿ ಹುದುಗಿಸಿ, ತೆಳುವಾಗಿ ಕೊಯ್ದು ಬಣ್ಣ ಹಾಕಲು ದಿನಗಳು ಹಿಡಿಯುತ್ತವೆ. ಹಿಮಗಟ್ಟಿಸಿದರೆ ನಿಮಿಷಗಳೇ ಸಾಕು. ಅಮೆರಿಕದ ಮೇಯೊ ಕ್ಲಿನಿಕ್ಕಿನ ಲೂಯಿಸ್ ವಿಲ್ಸನ್, ವಿಲಿಯಂ ಮೇಯೊ ಅವರ ಕೋರಿಕೆಯ ಮೇರೆಗೆ, ಹಿಮಗಟ್ಟಿದ ಅಂಗಾಂಶಕ್ಕೆ ಮೆಥಿಲೀನ್ ಬ್ಲೂ ಬಣ್ಣ ಹಾಕುವ ವಿಧಾನವನ್ನು ರೂಪಿಸಿ 1905ರಲ್ಲಿ ಪ್ರಕಟಿಸಿದರು. ರೋಗಿ ಶಸ್ತ್ರಚಿಕಿತ್ಸೆಯ ಮೇಜಿನ ಮೇಲಿರುವಾಗಲೇ ಉತ್ತರ ಸಿಗುವಂತಾಗಿ, ತುಣುಕನ್ನು ಕೊಯ್ದ ಬೆನ್ನಿಗೇ ಇಡೀ ಗಡ್ಡೆಯನ್ನು ತೆಗೆಯುವುದು ಸಾಧ್ಯವಾಯಿತು.

ಈ ವೇಗದ ಬೆಲೆಯನ್ನು ಬಹುಪಾಲು ತೆತ್ತವರು ಹೆಂಗಸರು. ಸ್ತನ, ಅದರ ಕೆಳಗಿನ ಎದೆಯ ಸ್ನಾಯು ಮತ್ತು ಕಂಕುಳಿನ ಗ್ರಂಥಿಗಳನ್ನು ಒಟ್ಟಿಗೆ ತೆಗೆಯುವ ವಿಲಿಯಂ ಹಾಲ್‌ಸ್ಟೆಡ್ ಅವರ ಶಸ್ತ್ರಚಿಕಿತ್ಸೆ ಅಮೆರಿಕದಲ್ಲಿ ದಶಕಗಳ ಕಾಲ ರೂಢಿಯಲ್ಲಿತ್ತು. ಸ್ತನದಲ್ಲಿ ಗಂಟು ಕಂಡ ಮಹಿಳೆ ಬಯಾಪ್ಸಿಗೂ ಸ್ತನಚ್ಛೇದನಕ್ಕೂ ಒಮ್ಮೆಗೇ ಸಹಿ ಹಾಕಿ ಅರಿವಳಿಕೆಗೆ ಒಳಗಾಗುತ್ತಿದ್ದಳು. ತನಗೆ ಕ್ಯಾನ್ಸರಿತ್ತೇ ಎಂಬುದು ಎಚ್ಚರವಾದ ಮೇಲೆ, ಸ್ತನ ಉಳಿದಿದೆಯೇ ಇಲ್ಲವೇ ಎಂಬುದರಿಂದಲೇ ಅವಳಿಗೆ ತಿಳಿಯುತ್ತಿತ್ತು. ಅಮೆರಿಕದ ಅಧ್ಯಕ್ಷರ ಪತ್ನಿ ಬೆಟ್ಟಿ ಫೋರ್ಡ್ ಅವರಿಗೂ 1974ರ ಸೆಪ್ಟೆಂಬರಿನಲ್ಲಿ ಇದೇ ಕ್ರಮದಲ್ಲಿ ಚಿಕಿತ್ಸೆಯಾಯಿತು. ಪ್ರಯೋಗಾಲಯದ ಒಂದು ಅನುಕೂಲ ಹೀಗೆ ರೋಗಿಯ ಆಯ್ಕೆಯನ್ನೇ ನುಂಗಿದ್ದು ವೈದ್ಯಕೀಯ ಚರಿತ್ರೆಯ ನೋವಿನ ಸಂಗತಿ.

ಇದನ್ನು ಪ್ರಶ್ನಿಸಿದವರಲ್ಲಿ ಮುಖ್ಯರು ಪತ್ರಕರ್ತೆ ರೋಸ್ ಕುಶ್ನರ್. 1974ರಲ್ಲಿ ತಮ್ಮ ಸ್ತನದಲ್ಲಿ ಗಂಟು ಕಂಡಾಗ, ಮೊದಲು ಬಯಾಪ್ಸಿಯಷ್ಟೇ ಆಗಲಿ, ಫಲಿತಾಂಶ ತಿಳಿದ ಮೇಲೆ ಮುಂದಿನದನ್ನು ತಾವೇ ತೀರ್ಮಾನಿಸುವುದಾಗಿ ಅವರು ಹಟಹಿಡಿದರು. ಮರುವರ್ಷ ಪುಸ್ತಕ ಬರೆದು ಅದನ್ನೇ ಸಾರ್ವಜನಿಕ ಬೇಡಿಕೆಯಾಗಿಸಿದರು. 1979ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಏರ್ಪಡಿಸಿದ ತಜ್ಞರ ಸಭೆ ಬಯಾಪ್ಸಿಯನ್ನೂ ಚಿಕಿತ್ಸೆಯನ್ನೂ ಎರಡು ಪ್ರತ್ಯೇಕ ಹಂತಗಳಾಗಿಸುವಂತೆ ಶಿಫಾರಸು ಮಾಡಿತು. ಕೆಲ ದಿನಗಳ ಅಂತರದಿಂದ ಕೆಡುಕಾಗುವುದಿಲ್ಲವೆಂದು ವೈದ್ಯರು ಒಪ್ಪಿದಾಗ, ಬೇಕಾದಷ್ಟು ತಡಮಾಡಬಹುದೆಂದು ಅವರು ಹೇಳಲಿಲ್ಲವೆಂಬುದನ್ನೂ ಗಮನಿಸಬೇಕು.

ಸ್ತನದ ಗಂಟಿನ ಮೊದಲ ಪರೀಕ್ಷೆಗೆ ಈಗ ಬಹುಮಟ್ಟಿಗೆ ಸೂಜಿಯ ಬಯಾಪ್ಸಿಯೇ ಸಾಕಾಗುತ್ತದೆ. ಸೂಜಿಯಿಂದ ಉತ್ತರ ಸಿಗದಿದ್ದಾಗ, ಅಥವಾ ದುಗ್ಧರಸ ಗ್ರಂಥಿಯೊಂದನ್ನು ಇಡಿಯಾಗಿ ನೋಡಬೇಕಾದಾಗ ಶಸ್ತ್ರಕ್ರಿಯೆಯ ಬಯಾಪ್ಸಿ ಬೇಕಾಗುತ್ತದೆ. ಫ್ರೋಜನ್ ಸೆಕ್ಷನ್ ಕೂಡ ಉಳಿದಿದೆ: ತೆಗೆದ ಗಡ್ಡೆಯ ಅಂಚಿನಲ್ಲಿ ಕ್ಯಾನ್ಸರ್ ಕೋಶಗಳು ಉಳಿದಿವೆಯೇ, ರೋಗ ಗ್ರಂಥಿಗಳಿಗೆ ತಲಪಿದೆಯೇ ಎಂಬುದನ್ನು ಶಸ್ತ್ರಚಿಕಿತ್ಸೆಯ ನಡುವೆ ಅದರಿಂದ ತಿಳಿಯಲಾಗುತ್ತದೆ, ಅಂತಿಮ ವರದಿ ಮಾತ್ರ ಮೇಣದಲ್ಲಿ ಹುದುಗಿಸಿ ಕೊಯ್ದ ತುಣುಕನ್ನು ನೋಡಿದ ಮೇಲೆಯೇ ಬರುತ್ತದೆ.