ಪರಧರ್ಮಗ್ರಂಥಗಳ ಚರ್ಚೆಯಲ್ಲಿ ವಿದ್ವನ್ಮರ್ಯಾದೆ

ವಿದ್ವಾಂಸರು ಪರಸ್ಪರ ನಡೆಸುವ ಚರ್ಚೆಯನ್ನು ನಮ್ಮ ನೈಯಾಯಿಕರು ವಾದ, ಜಲ್ಪ, ವಿತಂಡೆ ಎಂದು ಮೂರಾಗಿ ವಿಭಾಗಿಸಿದ್ದಾರೆ. ತತ್ತ್ವನಿರ್ಣಯಕ್ಕಾಗಿ ನಡೆಯುವುದು ವಾದ. ಗೆಲವಿಗಾಗಿ ನಡೆಯುವುದು ಜಲ್ಪ. ಸ್ವಪಕ್ಷವನ್ನು ಸ್ಥಾಪಿಸದೆ ಪರಪಕ್ಷವನ್ನು ಖಂಡಿಸುವುದಷ್ಟೇ ಗುರಿಯಾದರೆ ಅದು ವಿತಂಡೆ. ಒಬ್ಬರು ಪವಿತ್ರವೆಂದು ನಂಬಿದ ಗ್ರಂಥವನ್ನು ಇನ್ನೊಬ್ಬರು ವಿಮರ್ಶಿಸುವಾಗ ಈ ವಿಭಾಗದ ಬೆಲೆ ಚೆನ್ನಾಗಿ ತಿಳಿಯುತ್ತದೆ. ಬೈಬಲನ್ನು ಕುರಿತು ಕಳೆದೆರಡು ಶತಮಾನಗಳಲ್ಲಿ ನಮ್ಮ ದೇಶದಲ್ಲಿ ನಡೆದ ವಿಚಾರವಿನಿಮಯದ ಕೆಲವು ಪ್ರಸಂಗಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದು.

೧೮೫೪ನೆಯ ಏಪ್ರಿಲ್ ೧೦ ಮತ್ತು ೧೧ರಂದು ಆಗ್ರಾ ನಗರದಲ್ಲಿ ಒಂದು ಪ್ರಸಿದ್ಧ ಬಹಿರಂಗ ಚರ್ಚೆ ನಡೆಯಿತು. ಒಂದು ಕಡೆ ಜರ್ಮನ್ ಪಾದ್ರಿ ಕಾರ್ಲ್ ಗಾಟ್ಲೀಬ್ ಫಾಂಡರ್ ಮತ್ತು ಅವರ ಸಹಾಯಕ ಫ್ರೆಂಚ್. ಇನ್ನೊಂದು ಕಡೆ ಮೌಲಾನಾ ರಹಮತುಲ್ಲಾ ಕೈರಾನವಿ ಮತ್ತು ಡಾಕ್ಟರ್ ವಜೀರ್ ಖಾನ್. ಚರ್ಚಿಸಬೇಕಾದ ವಿಷಯಗಳನ್ನು ಮೊದಲೇ ಗೊತ್ತುಪಡಿಸಲಾಗಿತ್ತು. ಆದರೆ ಅವುಗಳಲ್ಲಿ ಧರ್ಮಗ್ರಂಥಗಳ ರದ್ದಿಯಾಗುವಿಕೆ ಮತ್ತು ಪಾಠಗಳ ವಿಕೃತಿ ಎಂಬ ಎರಡನ್ನು ದಾಟಿ ಸಭೆಯು ಮುಂದೆ ಸಾಗಲೇ ಇಲ್ಲ. ಐರೋಪ್ಯ ವಿದ್ವಾಂಸರೇ ಬರೆದಿದ್ದ ಬೈಬಲ್ ವಿಮರ್ಶೆಯ ಗ್ರಂಥಗಳನ್ನು ಮುಸ್ಲಿಂ ಪಂಡಿತರು ಆಧಾರವಾಗಿ ಮುಂದಿಟ್ಟರು. ಕೆಲವು ಸ್ಥಳಗಳಲ್ಲಿ ಪಾಠಭೇದವುಂಟೆಂದು ಫಾಂಡರ್ ಒಪ್ಪಿಕೊಂಡರು. ಅದರಿಂದ ಮೂಲತತ್ತ್ವಕ್ಕೆ ಹಾನಿಯಿಲ್ಲವೆಂದು ವಾದಿಸಿದರು. ಒಂದೆಡೆ ಕೆಟ್ಟಿರುವ ಗ್ರಂಥವನ್ನು ಬೇರೆಡೆ ಹೇಗೆ ನಂಬುವುದೆಂದು ಎದುರುಪಕ್ಷ ಕೇಳಿತು. ಎರಡನೆಯ ದಿನ ಪ್ರೇಕ್ಷಕರ ಸಂದಣಿ ಹೆಚ್ಚಿತು. ಚರ್ಚೆ ಅಲ್ಲಿಗೇ ಮುಗಿಯಿತು. ಅನಂತರ ಎರಡು ಪಕ್ಷದವರೂ ಗೆಲವು ತಮ್ಮದೇ ಎಂದರು.

ಇಲ್ಲಿ ಪಾಂಡಿತ್ಯಕ್ಕೆ ಕೊರತೆಯಿರಲಿಲ್ಲ. ಕೊರತೆಯಿದ್ದುದು ಬೇರೆ ಎರಡಕ್ಕೆ. ಲಿಪಿಕಾರನ ಕೈತಪ್ಪನ್ನೂ ಬುದ್ಧಿಪೂರ್ವಕವಾದ ತಿದ್ದುವಿಕೆಯನ್ನೂ ‘ವಿಕೃತಿ’ ಎಂಬ ಒಂದೇ ಮಾತಿನಲ್ಲಿ ಅಡಕಮಾಡಬಹುದೇ ಎಂಬುದು ಮೊದಲೇ ನಿರ್ಣಯವಾಗಬೇಕಿತ್ತು, ಆಗಲಿಲ್ಲ. ಮೇಲಾಗಿ, ನೆರೆದ ಜನಸ್ತೋಮದ ಮುಂದೆ ಪ್ರಾಮಾಣಿಕವಾದ ಒಪ್ಪಿಗೆಯೇ ಸೋಲೆಂದು ಎಣಿಕೆಯಾಯಿತು. ಸತ್ಯವನ್ನು ಒಪ್ಪಿದವನಿಗೆ ಅಪಜಯ ಕಟ್ಟುವ ಸಭೆಯಲ್ಲಿ ವಾದವು ಜಲ್ಪವಾಗದೆ ಇರದು.

ಫಾಂಡರ್ ಶಿಕ್ಷಣ ಪಡೆದದ್ದು ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್ನಿನ ವಿದ್ಯಾಲಯದಲ್ಲಿ. ಆಗ್ರಾದ ಚರ್ಚೆಗೆ ಒಂದು ವರ್ಷ ಮೊದಲು, ೧೮೫೩ರಲ್ಲಿ, ಅದೇ ಮಿಷನ್ನಿನಿಂದ ಕನ್ನಡನಾಡಿಗೆ ಬಂದವರು ಫರ್ಡಿನೆಂಡ್ ಕಿಟ್ಟೆಲ್. ಅಷ್ಟರಲ್ಲಿ ಬಳ್ಳಾರಿಯ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ ೧೮೩೧ರ ಹೊತ್ತಿಗೆ ಬೈಬಲ್ ಪೂರ್ಣವಾಗಿ ಕನ್ನಡಕ್ಕೆ ಬಂದಿತ್ತು. ಕಿಟ್ಟೆಲರೂ ಮತಪ್ರಚಾರಕ್ಕೆಂದೇ ಬಂದವರು. ೧೮೬೨ರಲ್ಲಿ ‘ಕಥಾಮಾಲೆ’ಯೆಂಬ ಹೆಸರಿನಲ್ಲಿ ಕ್ರಿಸ್ತಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ ಹಾಡಿದರು. ಆದರೆ ಜೈನಕವಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ೧೮೭೨ರಲ್ಲಿ ಪ್ರಕಟಿಸಿದವರೂ ಅವರೇ. ೧೮೯೪ರ ಅವರ ನಿಘಂಟು ಜೈನ, ವೀರಶೈವ, ಬ್ರಾಹ್ಮಣ ಕವಿಗಳೆಲ್ಲರ ಪ್ರಯೋಗಗಳನ್ನು ಆಕರಸಹಿತವಾಗಿ ಎತ್ತಿ ತೋರಿಸುತ್ತದೆ. ತನ್ನ ಶ್ರದ್ಧೆಯನ್ನು ಬಿಡದೆಯೇ ಪರರ ಗ್ರಂಥವನ್ನು ಅದರ ಅಕ್ಷರಕ್ಕೆ ತಕ್ಕಂತೆ ಓದಬಹುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಹೈದರಾಬಾದಿನ ಕನ್ನಡಿಗರಿಗೆ ಈ ವಿಷಯ ದೂರದ್ದಲ್ಲ. ೧೯೫೬ರವರೆಗೆ ಕಲಬುರ್ಗಿ, ಬೀದರ, ರಾಯಚೂರು ಜಿಲ್ಲೆಗಳು ಈ ರಾಜಧಾನಿಗೇ ಸೇರಿದ್ದವು. ಮನೆಯಲ್ಲಿ ಕನ್ನಡ, ಪಾಠಶಾಲೆಯಲ್ಲಿ ಉರ್ದು, ಬೀದಿಯಲ್ಲಿ ತೆಲುಗು ಎಂಬ ಸ್ಥಿತಿಯಲ್ಲಿ ಬೆಳೆದವರು ಇಲ್ಲಿ ಅನೇಕರು. ಆ ಉರ್ದುವಿಗೆ ಹೊಸ ಒಡಂಬಡಿಕೆಯನ್ನು ಮಿರ್ಜಾ ಫಿತ್ರತ್ ಅವರ ನೆರವಿನಿಂದ ತಂದವರು ಹೆನ್ರಿ ಮಾರ್ಟಿನ್. ಅದು ಶ್ರೀರಾಮಪುರದಲ್ಲಿ ೧೮೧೪ರಲ್ಲಿ ಅಚ್ಚಾಯಿತು. ಅವರ ಹೆಸರಿನಲ್ಲಿ ೧೯೩೦ರಲ್ಲಿ ಲಾಹೋರಿನಲ್ಲಿ ಸ್ಥಾಪಿತವಾದ ಸಂಸ್ಥೆ ಹಲವು ಊರುಗಳನ್ನು ಕಂಡು ೧೯೭೧ರಲ್ಲಿ ಹೈದರಾಬಾದಿಗೆ ಬಂದಿತು. ಕ್ರೈಸ್ತ ಕಾರ್ಯಕರ್ತರಿಗೆ ಇಸ್ಲಾಂ ಧರ್ಮವನ್ನು ಕಲಿಸುವುದಕ್ಕಾಗಿ ಹುಟ್ಟಿದ ಈ ಸಂಸ್ಥೆ ಕ್ರಮೇಣ ಧರ್ಮಗಳ ನಡುವಿನ ಸಂವಾದ ಮತ್ತು ಸೌಹಾರ್ದವನ್ನೇ ತನ್ನ ಕಾರ್ಯವನ್ನಾಗಿ ಮಾಡಿಕೊಂಡಿತು. ಆಗ್ರಾದಿಂದ ಹೈದರಾಬಾದಿನವರೆಗಿನ ಈ ದಾರಿ ಜಲ್ಪದಿಂದ ವಾದಕ್ಕೆ ಬರುವ ದಾರಿಯೇ ಆಗಿದೆ.

ಈ ಪ್ರಸಂಗಗಳಿಂದ ಕೆಲವು ಮರ್ಯಾದೆಗಳು ಫಲಿಸುತ್ತವೆ. ಚರ್ಚೆಗೆ ಮೊದಲು ಪದಗಳ ಅರ್ಥ ನಿಶ್ಚಿತವಾಗಬೇಕು. ಹೇಳಿದ ಮಾತಿಗೆ ಆಕರವನ್ನು ತೋರಿಸಬೇಕು. ಎದುರುಪಕ್ಷದ ಅಭಿಪ್ರಾಯವನ್ನು ಅವರೇ ಹೌದೆನ್ನುವ ರೀತಿಯಲ್ಲಿ ನಿರೂಪಿಸಿದ ಮೇಲೆಯೇ ಅದನ್ನು ಪರೀಕ್ಷಿಸಬೇಕು. ಅನ್ಯರ ಗ್ರಂಥಕ್ಕೆ ಹಿಡಿದ ಒರೆಗಲ್ಲನ್ನು ತನ್ನ ಗ್ರಂಥಕ್ಕೂ ಹಿಡಿಯಬೇಕು. ಎಲ್ಲಕ್ಕಿಂತ ಮಿಗಿಲಾಗಿ, ತಪ್ಪನ್ನು ಒಪ್ಪಿಕೊಂಡವನನ್ನು ಸಭೆಯು ಗೌರವಿಸಬೇಕು. ಶಾಸನಗಳ ಕಾಲನಿರ್ಣಯಕ್ಕಾಗಲಿ, ವಚನಗಳ ಪಾಠನಿರ್ಣಯಕ್ಕಾಗಲಿ ನಾವು ಕುಳಿತಾಗಲೂ ಇವು ನಮಗೆ ಬೇಕಾದ ನಿಯಮಗಳೇ. ಆಗ್ರಾದ ಆ ಎರಡು ದಿನಗಳಲ್ಲಿ ಗೆದ್ದವರು ಯಾರೆಂಬುದು ಇಂದಿಗೂ ವಿವಾದವೇ. ಒಪ್ಪಿಗೆಗೆ ಅಂಜದಿದ್ದರೆ ಏನೇನು ತಿಳಿಯಬಹುದಿತ್ತೆಂಬುದೇ ಅದಕ್ಕಿಂತ ದೊಡ್ಡ ಪ್ರಶ್ನೆ.